ಸಾಕುತಂದೆ ಗುಡ್ಡದ ಹೊಸ್ತಿಲು

ಕೆಂಚನಪಾಳ್ಯದ ಚರ್ಚಿನ ಹಿಂದಿರುವ ಬೋಳುಗುಡ್ಡಕ್ಕೆ ಸಾಕುತಂದೆ ಗುಡ್ಡವೆಂದು ಹೆಸರು. ತುದಿಯಲ್ಲಿ ಒಂದು ಶಿಲುಬೆ, ನಡುದಾರಿಯಲ್ಲಿ ಒಂದು ಹೊಸ್ತಿಲುಗಲ್ಲು. ಆ ಹೊಸ್ತಿಲಿಗೆ ಬಾಗಿಲಿಲ್ಲ, ಮನೆಯೂ ಇಲ್ಲ. ಯೇಸುವಿನ ಸಾಕುತಂದೆ ಜೋಸೆಫರಿಂದ ಈ ಹೆಸರು ಬಂತೆಂದು ಊರಿನ ಹುಡುಗರು ಈಚೆಗೆ ಫಲಕ ಬರೆಸಿ ನಿಲ್ಲಿಸಿದ್ದಾರೆ. ಬಣ್ಣ ಚೆನ್ನಾಗಿದೆ, ಕತೆ ಮಾತ್ರ ಬೇರೆ. ನಲವತ್ತು ವರ್ಷ ಇಲ್ಲಿ ಉಪದೇಶಿಯಾಗಿದ್ದ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಹಿಂದೆ ಒಮ್ಮೆ, ಪ್ಲೇಗು ಬಂದ ವರ್ಷ, ಈ ಊರಿನ ಇನ್ನಾಸಪ್ಪನ ಮನೆಗೆ ಅವನ ಸತ್ತ ತಮ್ಮನ ಹೆಂಡತಿ ಮದಲೇನಮ್ಮ ಜ್ವರದ ಮಗಳನ್ನು ಎತ್ತಿಕೊಂಡು ಬಂದಳಂತೆ. ಒಳಗೆ ಅವನ ಮಕ್ಕಳಿದ್ದರು. ಇನ್ನಾಸಪ್ಪ ಅಗುಳಿ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಹೊಸ್ತಿಲ ಮೇಲೆಯೇ ಪ್ರಾಣ ಬಿಟ್ಟಿತು. ಅವನು ಪಾಪನಿವೇದನೆ ಮಾಡಿದ, ಗುರುಗಳು ದೇವರ ಹೆಸರಿನಲ್ಲಿ ಕ್ಷಮೆ ಸಾರಿದರು. ಅವನಿಗೆ ನಂಬಿಕೆ ಬರಲಿಲ್ಲ. ಕಡೆಯ ತೀರ್ಪಿನ ದಿನ ಆ ಮಗು ಎದುರು ನಿಂತರೆ ಏನು ಹೇಳಲಿ ಎಂಬುದೊಂದೇ ಹೆದರಿಕೆ. ಆ ಹೊಸ್ತಿಲನ್ನೇ ಕಿತ್ತು, ಬೆನ್ನಿಗೆ ಕಟ್ಟಿಕೊಂಡು, ಶುಭಶುಕ್ರವಾರದೊಳಗೆ ಶಿಲುಬೆಯ ಬುಡಕ್ಕೆ ಒಯ್ಯುತ್ತೇನೆಂದು ಹರಕೆ ಹೊತ್ತ. ಅದಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಒಂದೊಂದು ಶುಕ್ರವಾರ ಒಂದಿಷ್ಟು ದೂರ ಹೊರುತ್ತಿದ್ದ. ಮದಲೇನಮ್ಮ ಮೇಲಿನ ಬಂಡೆಯ ಮೇಲೆ ಕೂತು ನೋಡುತ್ತಿದ್ದಳು, ಕನಿಕರದಿಂದೇನಲ್ಲ.

ಶುಭಶುಕ್ರವಾರ ಮೂರು ಗಂಟೆಯ ಬಿಸಿಲಿಗೆ ದಾರಿ ಇನ್ನೂ ಅರ್ಧ ಉಳಿದಿತ್ತು. ಇನ್ನಾಸಪ್ಪ ಮುಗ್ಗರಿಸಿ, ಕಲ್ಲಿನಡಿ ಸಿಕ್ಕಿ, ಏಳಲಾರದೆ “ಸಾಕು, ತಂದೆ!” ಎಂದು ಕೂಗಿದ. ಹರಕೆ ಮುರಿಯಿತು, ಇನ್ನು ನರಕವೇ ಗತಿ ಎಂದು ಅತ್ತ. ಮದಲೇನಮ್ಮ ಇಳಿದು ಬಂದಳು.

“ಯಾರ್ನ ಕರೆದ್ರಿ, ಭಾವ?”

“ಯಾರ್ನೂ ಇಲ್ಲ ಕಣವ್ವ. ಸಾಕು ಅಂದೆ. ನನ್ ಕೈಲಿ ಆಗಕಿಲ್ಲ.”

“ನಂಗೆ ಸಾಕುತಂದೆ ಅಂದಂಗೆ ಕೇಳಿಸ್ತು, ತಬ್ಬಲಿ ಕೂಗಿದಂಗೆ. ನಿಮ್ ಬಾಗ್ಲಲ್ಲಿ ನನ್ ಮಗೂನೂ ಹಿಂಗೇ ಕೂಗ್ತು.”

ಅವಳು ಹಗ್ಗ ಬಿಚ್ಚಿ, ಕಲ್ಲನ್ನು ಅವನ ಮೇಲಿಂದ ನೂಕಿ, ದಾರಿಗೆ ಅಡ್ಡಲಾಗಿ ಇಟ್ಟು, ಅದರ ಆಚೆ ಹೋಗಿ ನಿಂತಳು. “ಒಳಿಕ್ ಬನ್ನಿ, ಭಾವ” ಅಂದಳು. ಅವನಿಗೆ ನಿಲ್ಲಲೂ ತ್ರಾಣವಿರಲಿಲ್ಲ; ತೆವಳಿಕೊಂಡೇ ದಾಟಿದ ಎನ್ನುತ್ತಾರೆ. ಅವಳಿಗೆ ಕೇಳಿಸಿದ ಹೆಸರೇ ಗುಡ್ಡಕ್ಕೆ ಉಳಿಯಿತು.

ಇಂದಿಗೂ ಗುಡ್ಡ ಹತ್ತುವವರು ಚಪ್ಪಲಿ ಬಿಟ್ಟು ಆ ಹೊಸ್ತಿಲು ದಾಟುತ್ತಾರೆ. ಪಕ್ಕದಲ್ಲಿ ಕಲ್ಲುಗಳ ರಾಶಿಯಿದೆ, ಪಾಪ ಕಳೆಯಲೆಂದು ಜನ ಹೊತ್ತು ತಂದು ಹಾಕಿದ್ದು. ಹೊರಬೇಡಿರಪ್ಪಾ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಈ ವರ್ಷ ನಾನೇ ಒಂದು ಕಲ್ಲನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ, ಯಾಕೆಂದು ಕೇಳಬೇಡಿ. ಮಂಡಿ ಹೊಸ್ತಿಲವರೆಗಷ್ಟೇ ಬಂತು. ಆಚೆ ಯಾರೂ ನಿಂತಿರಲಿಲ್ಲ. ಆದರೂ ತೆವಳಿಕೊಂಡು ದಾಟಿದೆ.