ರಾಶಿಗೆ ಒತ್ತಿದ ಮುದ್ರೆ

“ನನ್ನ ಮನಸ್ಸು ನನಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರುತ್ತದೆಯೇ, ಗುರುಗಳೇ?”

ಹೀಗೆ ಕೇಳಿದ ಶಿಷ್ಯ ಒಳಗೆ ಬಂದವನೇ ಬಾಗಿಲು ಹಾಕಿ, ಗುರುಗಳ ಹತ್ತಿರ ಕುಳಿತಿದ್ದ. ದನಿ ತಗ್ಗಿಸಿ ಮುಂದುವರಿಸಿದ: “ಇಲ್ಲಿ ನನ್ನ ಜೊತೆ ಕಲಿಯುವವನು ನನ್ನನ್ನು ಸಂಶಯದ ಪ್ರಾಣಿ ಎನ್ನುತ್ತಾನೆ. ಅವನ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ.”

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೊಬ್ಬ ತಮ್ಮ. ಹೊಲ ಒಂದೇ, ಕಣ ಒಂದೇ, ಉಣ್ಣುವ ಮನೆಯೂ ಒಂದೇ. ‘ನನ್ನ ಮೇಲಿರುವಷ್ಟೇ ನಂಬಿಕೆ ನನಗೆ ತಮ್ಮನ ಮೇಲಿದೆ’ ಎಂದು ರೈತ ಹೇಳುತ್ತಿದ್ದ. ಸುಳ್ಳಾಡುತ್ತಿರಲಿಲ್ಲ, ಹಾಗೆಂದೇ ತಿಳಿದಿದ್ದ.

ಆ ಸೀಮೆಯಲ್ಲಿ ತೂರಿದ ಜೋಳವನ್ನು ಒಳ್ಳೆಯ ದಿನ ನೋಡಿ ಅಳೆಯುತ್ತಿದ್ದರು. ಅಲ್ಲಿಯವರೆಗೆ ರಾಶಿ ಕಣದಲ್ಲೇ ಇರುತ್ತಿತ್ತು. ಅದರ ಮೇಲೆ ಬೂದಿ ಎರಚಿ ಮರದ ಮುದ್ರೆ ಒತ್ತುವುದು ವಾಡಿಕೆ. ಯಾರಾದರೂ ಒಂದು ಬೊಗಸೆ ತೆಗೆದರೂ ಮುದ್ರೆ ಕೆಡುತ್ತದೆ. ಒಡಹುಟ್ಟಿದವರ ಕಣದಲ್ಲಿ ಮಾತ್ರ ಯಾರೂ ಮುದ್ರೆ ಒತ್ತುತ್ತಿರಲಿಲ್ಲ. ಒತ್ತಿದರೆ ಅವಮಾನ.

ಆ ವರ್ಷ ತಮ್ಮನ ಮದುವೆಯಾಯಿತು. ಹೆಂಡತಿಯ ಕಡೆಯವರು ಬಂದು ಹೋಗತೊಡಗಿದರು. ಅವರ ಹೆಗಲಲ್ಲಿ ಚೀಲವಿರುತ್ತಿತ್ತು. ಊರಿಂದ ಊರಿಗೆ ಹೋಗುವವರ ಹೆಗಲಲ್ಲಿ ಚೀಲವಿಲ್ಲದೆ ಇನ್ನೇನಿರುತ್ತದೆ? ಆದರೂ ರೈತನ ಕಣ್ಣು ಚೀಲದ ಮೇಲೆಯೇ. ಮುರಿದ ನೇಗಿಲ ತುಂಡಿನಿಂದ ಅವನೊಂದು ಮುದ್ರೆ ಕೆತ್ತಿದ. ‘ಇದು ದಾರಿಹೋಕರಿಗೆ’ ಎಂದು ತನಗೆ ತಾನೇ ಹೇಳಿಕೊಂಡ. ಸಂಜೆ ತಮ್ಮನು ಮನೆಗೆ ಹೋದ ಮೇಲೆ ಒತ್ತುತ್ತಿದ್ದ. ಬೆಳಿಗ್ಗೆ ತಮ್ಮ ಬರುವ ಮೊದಲೇ ಬಂದು ಅಳಿಸುತ್ತಿದ್ದ.

ಮುದ್ರೆ ಒಂದು ದಿನವೂ ಕೆಟ್ಟಿರಲಿಲ್ಲ. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಂಥದ್ದೇ ಇನ್ನೊಂದು ಮುದ್ರೆ ಕೆತ್ತಿಕೊಂಡು, ಜೋಳ ತೆಗೆದ ಮೇಲೆ ಮತ್ತೆ ಒತ್ತುತ್ತಿರಬಹುದು ಎಂದು ಹೊಳೆಯಿತು. ಯಾರು ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಮುದ್ರೆಯ ಮೂಲೆಯಲ್ಲಿ ಗುಟ್ಟಾಗಿ ಒಂದು ಗೀರು ಹಾಕಿದ, ಅಷ್ಟೆ.

ಒಂಬತ್ತನೆಯ ಬೆಳಿಗ್ಗೆ ಎದ್ದದ್ದು ತಡವಾಯಿತು. ಕಣಕ್ಕೆ ಬಂದಾಗ ತಮ್ಮ ರಾಶಿಯ ಮುಂದೆ ನಿಂತಿದ್ದ.

“ಅಣ್ಣಾ, ಈ ಮುದ್ರೆ ಯಾರಿಗೆ?”

“ದಾರಿಹೋಕರಿಗಪ್ಪ. ನಿನಗೇನಲ್ಲ.”

“ದಾರಿಹೋಕರಿಗಾದರೆ ನಾನು ಬರುವ ಮೊದಲು ಅಳಿಸುವುದೇಕೆ? ಎಂಟು ದಿನದಿಂದ ರಾಶಿಯ ಬುಡದಲ್ಲಿ ಬೂದಿ ನೋಡುತ್ತಿದ್ದೇನೆ. ಇವತ್ತು ಹೇಳುತ್ತೀಯ, ನಾಳೆ ಹೇಳುತ್ತೀಯ ಎಂದು ಸುಮ್ಮನಿದ್ದೆ.”

ತಮ್ಮನ ಮೇಲೆ ತನಗೆ ಸಂಶಯವಿದೆ ಎಂದು ರೈತನಿಗೆ ಗೊತ್ತಾದದ್ದೇ ಆಗ, ತನ್ನ ಉಗುರಿನ ಸಂದಿಯ ಬೂದಿ ನೋಡಿಕೊಂಡಾಗ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ತಮ್ಮ ಬೇರೆಯಾದ. ಮರುವರ್ಷ ಆ ಕಣದಲ್ಲಿ ಎರಡು ರಾಶಿಗಳಿದ್ದವು. ಎರಡರ ಮೇಲೂ ಮುದ್ರೆಯಿತ್ತು.

ಕತೆ ಕೇಳಿ ಶಿಷ್ಯ ನಿಟ್ಟುಸಿರುಬಿಟ್ಟ. “ಪಾಪ, ತನ್ನ ಕೈ ಏನು ಮಾಡುತ್ತಿದೆ ಎಂದು ಅವನೇ ನೋಡಲಿಲ್ಲ. ನಾನು ಅಂಥವನಲ್ಲ, ಗುರುಗಳೇ.”

ಗುರುಗಳು ಕೇಳಿದರು: “ಬಂದವನೇ ಬಾಗಿಲು ಹಾಕಿದೆಯಲ್ಲ, ಅದು ಯಾರಿಗೆ?”