ಮೂರು ಸಲ ಕೇಳಿದ ಅಧಿಕಾರಿ

"ಗುರುಗಳೇ, ವಾಸಿಯಾಗದ ನೋವಿನಲ್ಲಿರುವವನು ತಾನಾಗಿಯೇ ಸಾವನ್ನು ಬೇಡಿದರೆ, ರಾಜ್ಯ ಎಚ್ಚರದಿಂದ ವಿಚಾರಿಸಿ ಅದನ್ನು ಕೊಟ್ಟರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ರಾಜ್ಯದಲ್ಲಿ ಅಂಥ ಕಾನೂನಿತ್ತು. ಬೇಡಿದವನನ್ನು ವಾರಕ್ಕೊಮ್ಮೆಯಂತೆ ಮೂರು ಸಲ ಕೇಳಬೇಕು. ಇಬ್ಬರು ವೈದ್ಯರು ಒಪ್ಪಬೇಕು. ಕೇಳುವಾಗ ಬಂಧುಗಳು ಹತ್ತಿರ ಇರಕೂಡದು. ಈ ಕಟ್ಟಳೆಗಳನ್ನು ಬರೆದ ಅಧಿಕಾರಿಯೇ ಕೇಳುವ ಕೆಲಸವನ್ನೂ ವಹಿಸಿಕೊಂಡಿದ್ದ. ಪ್ರಾಮಾಣಿಕ. ಇನ್ನೊಬ್ಬರ ಒತ್ತಾಯಕ್ಕೆ ಯಾರೂ ಸಾಯಬಾರದೆಂಬುದು ಅವನ ಹಟ.

ಒಬ್ಬ ಕಲ್ಲುಕುಟಿಗ ಕೋಟೆಯ ಗೋಡೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಎರಡು ವರ್ಷದಿಂದ ರಾಜ್ಯ ನಡೆಸುವ ರೋಗಿಗಳ ಧರ್ಮಶಾಲೆಯಲ್ಲಿ ಅಂಗಾತ ಬಿದ್ದಿದ್ದ. ಕೊನೆಗೆ ಸಾವನ್ನು ಬೇಡಿದ.

ಅಧಿಕಾರಿ ಹೋಗಿ, "ಸಾವು ಬೇಕೇ?" ಎಂದ. "ಬೇಕು" ಎಂದ ಕಲ್ಲುಕುಟಿಗ.

ಎರಡನೆಯ ಸಲ, "ಬೇಕು ಸ್ವಾಮಿ. ಅಲ್ಲಿಯವರೆಗೆ ಯಾರಾದರೂ ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸುವಂತೆ ಮಾಡಿ" ಎಂದ.

"ಅದು ಧರ್ಮಶಾಲೆಯವರ ಕೆಲಸ" ಎಂದು ಅಧಿಕಾರಿ 'ಬೇಕು' ಎಂಬುದನ್ನಷ್ಟೇ ಬರೆದುಕೊಂಡ. ಧರ್ಮಶಾಲೆಯಲ್ಲಿ ಅರವತ್ತು ರೋಗಿಗಳಿಗೆ ಒಬ್ಬಳೇ ಆರೈಕೆಯವಳು. ಮೂರನೆಯ ಸಲವೂ ಉತ್ತರ ಬದಲಾಗಲಿಲ್ಲ.

ಗೊತ್ತುಮಾಡಿದ ದಿನ ವೈದ್ಯರು, ಸಾಕ್ಷಿಗಳು, ಅಧಿಕಾರಿ ಸೇರಿ ಏಳು ಜನ ಹಾಸಿಗೆಯ ಸುತ್ತ ನಿಂತರು. ಕಲ್ಲುಕುಟಿಗ ಮದ್ದು ಕುಡಿದು ಸತ್ತ. ಹೆಣದ ಮೈ ತೊಳೆಯಬೇಕಿತ್ತು. ಆರೈಕೆಯವಳು ಒಬ್ಬಳಿಂದ ಆಗದೆ ಅಧಿಕಾರಿಯನ್ನು ಕರೆದಳು. ಇಬ್ಬರೂ ಸೇರಿ ಮಗುಚಿದರು. ಬೆನ್ನು ಕೊಳೆತು ಮೂಳೆ ಕಾಣುತ್ತಿತ್ತು. ಅಧಿಕಾರಿ ಮುಖ ತಿರುಗಿಸಿದ.

"ಈ ಕಡೆ ನೋಡ್ರೀ!" ಎಂದು ಅವಳು ಕಿರುಚಿದಳು. "ಎತ್ತೋಕೆ ಇನ್ನೊಬ್ಬರನ್ನ ಕೊಡಿ ಅಂತ ಎರಡು ವರ್ಷ ಅಂಗಲಾಚಿದೆ. ಒಂದು ನರಪಿಳ್ಳೆನೂ ಬರಲಿಲ್ಲ. ಸಾಯಿಸೋಕೆ ಏಳು ಜನ ಬಂದ್ರಾ?"

ಅಧಿಕಾರಿ ನೇರವಾಗಿ ಆಸ್ಥಾನಕ್ಕೆ ಹೋಗಿ ತನ್ನ ಅಧಿಕಾರದ ಮುದ್ರೆಯನ್ನು ರಾಜನ ಕಾಲ ಬಳಿ ಎಸೆದ.

"ಯಾವ ಕಟ್ಟಳೆ ಮುರಿಯಿತು?" ಎಂದ ರಾಜ.

"ಒಂದೂ ಮುರಿಯಲಿಲ್ಲ ಪ್ರಭು! ನನ್ನ ಮೈ ಉರಿಯುತ್ತಿರುವುದೇ ಅದಕ್ಕೆ. ಸಾವು ಕೇಳಿದವನಿಗೆ ಮೂರೇ ವಾರದಲ್ಲಿ ಕೊಟ್ಟೆವು. ಮಗ್ಗುಲು ಬದಲಿಸಿ ಅಂದವನಿಗೆ ಎರಡು ವರ್ಷವಾದರೂ ಒಬ್ಬ ಆಳನ್ನು ಕೊಡಲಿಲ್ಲ."

ರಾಜ ಸಂಜೆಯೊಳಗೆ ಆ ಮುದ್ರೆಯನ್ನು ಇನ್ನೊಬ್ಬನಿಗೆ ಕೊಟ್ಟ.

ಗುರು ಕತೆ ನಿಲ್ಲಿಸಿದರು. ಅವರ ದನಿಯಲ್ಲಿ ಕೋಪವಿತ್ತು. ಶಿಷ್ಯ ಅಳುಕುತ್ತ ಕೇಳಿದ: "ಆದರೂ ಗುರುಗಳೇ, ಮೂರು ಸಲ ಬೇಕು ಎಂದವನು ಅವನೇ ಅಲ್ಲವೇ?"

"ಅವನೇ. ಬೇಡ ಎನ್ನುವುದಕ್ಕೆ ನಾವು ಅವನಿಗೆ ಏನನ್ನು ಉಳಿಸಿದ್ದೆವು?"