ಉಪ್ಪಿನ ಮಾಪಕಕ್ಕೆ ಬೆಲ್ಲ ನೀರು

ಬೆಂದೂರಿನ ನಮ್ಮ ಲೋಬೊ ಮನೆಯ ಮೆಟ್ಟಿಲು ಹತ್ತಿದವರು, ಬಿಷಪರೇ ಇರಲಿ ಅಂಚೆಯವನೇ ಇರಲಿ, ನಾಲ್ಕು ತಲೆಮಾರಿನಿಂದ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಮುಟ್ಟದೆ ಇಳಿದದ್ದಿಲ್ಲ.

ಅಕ್ವೇರಿಯಂ ಅಂಗಡಿಯ ಶ್ರೀ ಜಯಕರರಿಗೂ ಅದೇ ಮರ್ಯಾದೆ ಸಿಕ್ಕಿತು. ಉಪ್ಪುನೀರಿನ ಮೀನು ಸಾಕುವ ಹೊಸಬರು ಮುಟ್ಟಲೇಬಾರದ, ನೀರಿನ ಉಪ್ಪು ಅಳೆಯುವ ಮುಳ್ಳಿನ ಮಾಪಕವನ್ನು ನನಗೆ ಮಾರಿದವರು ಇವರೇ. ಅದನ್ನು ನಂಬಿ ಉಪ್ಪು ಬೆರೆಸಿದೆ. ಎರಡೂ ಮೀನು ಸತ್ತವು.

ಅವರು ಬಂದು ತೊಟ್ಟಿಯ ನೀರನ್ನು ಮಾಪಕಕ್ಕೆ ತುಂಬಿದರು. "ನೋಡಿ ಬಾಯಮ್ಮ, ಮುಳ್ಳು ಸರಿಯಾಗಿ ಸಮುದ್ರದ ಗುರುತಿನಲ್ಲಿ ಉಂಟು. ಮೀನು ಕೊಂದದ್ದು ನಿಮ್ಮ ಅಡುಗೆಯವಳ ಸಾಬೂನಿನ ಕೈ. ಅವಳನ್ನು ಕೆಲಸದಿಂದ ತೆಗೆಯಿರಿ."

ಅಡುಗೆಯಾಕೆ ತಲೆ ತಗ್ಗಿಸಿ ಬೆಲ್ಲ ನೀರು ತಂದಿಟ್ಟಳು. ಅವರು ಅರ್ಧ ಚೊಂಬು ಕುಡಿದರು. "ಬಾವಿ ನೀರಾ? ಒಳ್ಳೇದುಂಟು!"

"ನಿಮ್ಮ ಮಾಪಕ ಸುಳ್ಳು ಹೇಳ್ತದಾ ಸರ್?" ಆಕೆ ಕೇಳಿದಳು.

"ಸಾಧ್ಯವೇ ಇಲ್ಲ!"

ಆಕೆ ಮಾಪಕವನ್ನು ತೊಳೆದು, ಚೊಂಬಿನಲ್ಲಿ ಉಳಿದ ನೀರನ್ನು ಅದಕ್ಕೆ ಸುರಿದಳು. ಮುಳ್ಳು ಸಮುದ್ರದ ಗುರುತಿನಿಂದ ಕದಲಲಿಲ್ಲ.

"ಅಯ್ಯೋ ಸರ್, ಅರ್ಧ ಚೊಂಬು ಸಮುದ್ರ ಕುಡಿದಿರಲ್ಲ! ಇನ್ನೊಂದು ತುಂಡು ಬೆಲ್ಲ ತರಲಾ?"

ಶ್ರೀ ಜಯಕರರು ಮೆಟ್ಟಿಲಿಳಿದರು. ಅದು ಸಾಲದು. ಅವರು ಮರಳಿ ಬಂದು, ಅಡುಗೆಮನೆಗೆ ಹೋಗಿ, ಆಕೆಯಲ್ಲಿ ಕ್ಷಮೆ ಕೇಳತಕ್ಕದ್ದು.